ಕರೆಂಟ್ ಕಿಲ್ನ್‌ನಲ್ಲಿ ತಟ್ಟೆ ಜೋಡಿಸೋದು ಹೇಗೆ: ಜಾಗನೂ ಉಳೀಬೇಕು, ತಟ್ಟೆನೂ ಉಳೀಬೇಕು

ಲೋಟ, ಬಟ್ಟಲು, ಹೂಜಿ ಇವೆಲ್ಲ ಕಿಲ್ನ್ (ಮಣ್ಣಿನ ಸಾಮಾನು ಸುಡೋ ಗೂಡು) ಒಳಗೆ ಹೇಗೋ ಅಡ್ಜಸ್ಟ್ ಆಗ್ತವೆ, ತಟ್ಟೆ ಮಾತ್ರ ಆಗಲ್ಲ. ಎತ್ತರ ನೋಡಿದ್ರೆ ಎರಡೂವರೆ ಸೆಂಟಿಮೀಟರ್, ಅಗಲ ಮಾತ್ರ ಇಡೀ ಶೆಲ್ಫ್ ಬೇಕು ಅನ್ನುತ್ತೆ. ಮೈಸೂರಲ್ಲಿ ಈಗ ಮನೆ ಟೆರೇಸ್ ಮೇಲೋ ಗ್ಯಾರೇಜಲ್ಲೋ ಒಂದು ಕರೆಂಟ್ ಕಿಲ್ನ್ ಇಟ್ಕೊಂಡು ಕೆಲಸ ಮಾಡೋರಿಗೆ ಹೋಟೆಲ್‌ನೋರು, ಹೋಮ್‌ಸ್ಟೇನೋರು ಬಂದು ಕೇಳೋದು ತಟ್ಟೆನೇ, ಅದೂ ಒಂದೋ ಎರಡೋ ಅಲ್ಲ, ಸೆಟ್ ಗಟ್ಲೆ. ಆಗ ಶುರುವಾಗುತ್ತೆ ಲೆಕ್ಕ, ಒಂದ್ಸಲ ಸುಡೋದಕ್ಕೆ ಎಷ್ಟು ತಟ್ಟೆ ಹಿಡಿಸ್ಬೋದು ಅಂತ.

ನನ್ನ ಪ್ರಕಾರ ಈ ಲೆಕ್ಕನ ಕಿಲ್ನ್ ಮುಚ್ಚಳ ತೆಗೆದ್ಮೇಲೆ ಶುರು ಮಾಡಿದ್ರೆ ಲೇಟಾಯ್ತು ಅಂತಲೇ ಅರ್ಥ. ಎಷ್ಟು ತಟ್ಟೆ ಹಿಡಿಯುತ್ತೆ ಅನ್ನೋದು ಚಕ್ರದ ಮೇಲೆ ಮಣ್ಣು ಹಾಕೋವಾಗ್ಲೇ ಮುಕ್ಕಾಲು ಪಾಲು ತೀರ್ಮಾನ ಆಗೋಗಿರುತ್ತೆ. ಅದಕ್ಕೆ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಟೇಪ್ ಹಿಡೀರಿ

ಮೇಲಿಂದ ಲೋಡ್ ಮಾಡೋ ದುಂಡನೆ ಕಿಲ್ನ್ ಇದ್ದು, ಶೆಲ್ಫ್ 53 ಸೆಂ.ಮೀ. ಅಗಲದ್ದು ಅಂತಿಟ್ಕೊಳ್ಳಿ. ಆ ಶೆಲ್ಫ್ ಮೇಲೆ 25 ಸೆಂ.ಮೀ. ತಟ್ಟೆ ಎರಡೇ ಕೂರೋದು. ಅದೇ ತಟ್ಟೆನ 24ಕ್ಕೆ ಇಳಿಸಿದ್ರೆ ಮೂರು ಕೂರುತ್ತೆ! ಒಂದು ಸೆಂಟಿಮೀಟರ್ ಬಿಟ್ಕೊಟ್ಟಿದ್ದಕ್ಕೆ ಪ್ರತಿ ಶೆಲ್ಫ್‌ಗೂ ಒಂದು ತಟ್ಟೆ ಜಾಸ್ತಿ. ಇನ್ನೂ ಇಳಿದು ಇಪ್ಪತ್ತೊಂದೂವರೆಗೆ ಬಂದ್ರೆ ನಾಲ್ಕು. ದೋಸೆ ಇಡ್ಲಿಗೆ ಮಾಡೋ 17 ಸೆಂ.ಮೀ. ತಿಂಡಿ ತಟ್ಟೆ ಆದ್ರೆ ನಡುವೆ ಒಂದು, ಸುತ್ತ ಆರು, ಒಟ್ಟು ಏಳು. ನಿಮ್ಮ ಶೆಲ್ಫ್ ಬೇರೆ ಅಳತೆದಾದ್ರೆ ಅಗಲನ 2.16ರಿಂದ ಭಾಗಿಸಿ, ಮೂರು ತಟ್ಟೆ ಕೂರೋಕೆ ಗರಿಷ್ಠ ಎಷ್ಟಿರ್ಬೋದು ಅಂತ ಗೊತ್ತಾಗುತ್ತೆ. ನಾಲ್ಕಕ್ಕೆ 2.42ರಿಂದ, ಏಳಕ್ಕೆ 3ರಿಂದ ಭಾಗಿಸಿ. ಬಂದ ಉತ್ತರದಲ್ಲಿ ಅರ್ಧ ಸೆಂಟಿಮೀಟರ್ ಕಳೀರಿ, ಅದು ತಟ್ಟೆಗಳ ನಡುವಿನ ಗ್ಯಾಪ್‌ಗೆ.

ಮುಂದೆ ಬಾಗಿಲಿರೋ ಚೌಕದ ಕಿಲ್ನ್ ಇದ್ರೆ ಲೆಕ್ಕ ಬೇರೆ. 45 ಸೆಂ.ಮೀ. ಚೌಕದ ಶೆಲ್ಫ್ ಮೇಲೆ 22ರ ತಟ್ಟೆ ನಾಲ್ಕು ಕೂರುತ್ತೆ, 23 ಆದ ತಕ್ಷಣ ಮೂಲೆಯಿಂದ ಮೂಲೆಗೆ ಎರಡೇ. ಆ ಎರಡು ಬೇಕಾದ್ರೆ 26ರವರೆಗೂ ಹೋಗ್ಬೋದು. ಅಂದ್ರೆ 22 ಮಾಡಿ ಇಲ್ಲಾ 26 ಮಾಡಿ, ನಡುವಿನ 23, 24 ಮಾಡೋದು ಆ ಕಿಲ್ನ್‌ಗೆ ಬರೀ ಲಾಸು.

ಇಲ್ಲಿ ಒಂದು ವಿಷಯ ಹುಷಾರು. ಈ ಅಳತೆ ಎಲ್ಲ ಬಿಸ್ಕ್ (ಗ್ಲೇಜ್ ಇಲ್ಲದೆ ಮೊದಲ ಸಲ ಸುಡೋದು) ಆದ್ಮೇಲೆ, ಗ್ಲೇಜ್ (ಸುಟ್ಟಾಗ ಗಾಜಾಗೋ ಲೇಪ) ಹಚ್ಚಿ ಒಳಗೆ ಇಡೋವಾಗ ತಟ್ಟೆ ಎಷ್ಟಿರುತ್ತೋ ಅದು. ಒಟ್ಟು 12 ಪರ್ಸೆಂಟ್ ಕುಗ್ಗೋ ಮಣ್ಣಾದ್ರೆ, ಅದರಲ್ಲಿ ಅರ್ಧ ಒಣಗೋದ್ರಲ್ಲೇ ಹೋಗುತ್ತೆ ಅಂತಿಟ್ಕೊಂಡ್ರೆ, ಚಕ್ರದ ಮೇಲೆ ಇಪ್ಪತ್ತೈದೂವರೆ ಎಳೆದಿದ್ದು ಬಿಸ್ಕ್‌ನಲ್ಲಿ 24 ಆಗಿ, ಕೊನೆಗೆ ಗಿರಾಕಿ ಕೈಗೆ ಸೇರೋದು ಇಪ್ಪತ್ತೆರಡೂವರೆ ಹತ್ತಿರ. ಆರ್ಡರ್ ತಗೊಳ್ಳೋವಾಗ್ಲೇ ಇದನ್ನ ಹೇಳ್ಬಿಡಿ. ಮುದ್ದೆ, ಸಾರು, ಒಂದು ಪಲ್ಯ ಇಷ್ಟಕ್ಕೆ ಇಪ್ಪತ್ತೆರಡೂವರೆ ತಟ್ಟೆ ಧಾರಾಳ ಸಾಕು, ಬಾಳೆಎಲೆ ಊಟದ ಸೈಜು ಬೇಕು ಅಂದ್ರೆ ರೇಟು ಬೇರೆ ಅಂತ ಹೇಳೋದ್ರಲ್ಲಿ ಮುಜುಗರ ಏನೂ ಇಲ್ಲ, ಯಾಕಂದ್ರೆ ಕಿಲ್ನ್ ಜಾಗ ದುಡ್ಡು.

ಎತ್ತರನೂ ನೋಡ್ಕೊಳ್ಳಿ. ಸೆಟ್ಟಲ್ಲಿರೋ ತಟ್ಟೆ ಎಲ್ಲ ಒಂದೇ ಎತ್ತರ ಇರ್ಬೇಕು, ಒಂದು ತಟ್ಟೆ ಅಂಚು ಒಂದು ಸೆಂಟಿಮೀಟರ್ ಮೇಲೆದ್ರೂ ಆ ಶೆಲ್ಫ್‌ಗೆಲ್ಲ ಉದ್ದದ ಪೋಸ್ಟ್ (ಶೆಲ್ಫ್ ಹೊರೋ ಕಂಬ) ಹಾಕ್ಬೇಕಾಗುತ್ತೆ.

ಬಿಸ್ಕ್ ಲೋಡ್: ಇಲ್ಲಿ ಮೇಲೆ ಮೇಲೆ ಇಡ್ಬೋದು

ಗ್ಲೇಜ್ ಇಲ್ಲದ ಮಣ್ಣಿನ ಸಾಮಾನು ಒಂದಕ್ಕೊಂದು ತಾಗಿದ್ರೂ ಅಂಟ್ಕೊಳ್ಳಲ್ಲ. ನಮ್ಮ ಕಡೆ ಕುಂಬಾರರು ಆವಿಗೆ (ಮಡಕೆ ಸುಡೋ ಗೂಡು) ಜೋಡಿಸೋವಾಗ ಮಡಕೆ ಮೇಲೆ ಮಡಕೆ ಪೇರಿಸ್ತಾರಲ್ಲ, ಅದೇ ಧೈರ್ಯ ಇಲ್ಲೂ. ಬಿಸ್ಕ್ ಅಂದ್ರೆ ಸಾಮಾನ್ಯವಾಗಿ ಕೋನ್ (ಇಂತಿಷ್ಟು ಬಿಸಿಗೆ ಬಾಗೋ ನಂಬರ್ ಹಾಕಿದ ಚಿಕ್ಕ ಶಂಕು) 06ರಿಂದ 04, ಸುಮಾರು 1000ದಿಂದ 1060 ಡಿಗ್ರಿ, ಅಷ್ಟರಲ್ಲಿ ಮಣ್ಣು ಮೆತ್ತಗಾಗಲ್ಲ.

ಆದ್ರೆ ಪೇರಿಸೋದಕ್ಕೂ ಒಂದು ಕ್ರಮ ಇದೆ. ಭಾರ ಎಲ್ಲಿಂದ ಎಲ್ಲಿಗೆ ಇಳೀತಿದೆ ಅಂತ ನೋಡ್ಬೇಕು. ಎಲ್ಲ ತಟ್ಟೆಗೂ ತಳದ ರಿಂಗ್ ಒಂದೇ ಅಳತೆ ಇದ್ರೆ ಮೇಲಿನ ರಿಂಗ್ ಸರಿಯಾಗಿ ಕೆಳಗಿನ ರಿಂಗ್ ನೇರಕ್ಕೆ ಬರುತ್ತೆ, ಭಾರ ಸೀದಾ ಶೆಲ್ಫ್‌ಗೆ ಹೋಗುತ್ತೆ. ಮೇಲಿನ ತಟ್ಟೆ ರಿಂಗ್ ಚಿಕ್ಕದಾಗಿ, ಕೆಳಗಿನದ್ರ ಹೊಟ್ಟೆ ನಡುವೆ ಕೂತ್ರೆ, ಆ ಹೊಟ್ಟೆ ಕೆಳಗೆ ಆಸರೆ ಏನೂ ಇಲ್ಲ, ಒಣ ಮಣ್ಣಿಗೆ ಎಳೆತ ತಡೆಯೋ ಶಕ್ತಿನೂ ಇಲ್ಲ, ಅಲ್ಲೇ ಸೀಳು ಬಿಡುತ್ತೆ. ಅದಕ್ಕೆ ಒಂದೇ ಥರದ ನಾಲ್ಕು ತಟ್ಟೆ ಒಂದರ ಮೇಲೊಂದು ಸಾಕು. ದಪ್ಪಂದು, ಭಾರದ್ದು ಕೆಳಗೆ. ಐದಾರು ಇಡೋರೂ ಇದಾರೆ, ತೆಳ್ಳಗಿನ ತಟ್ಟೆಗೆ ನಾನಂತೂ ಸಲಹೆ ಕೊಡಲ್ಲ, ಯಾಕಂದ್ರೆ ಕಟ್ಟು ದಪ್ಪ ಆದಷ್ಟೂ ನಡುವಿನ ತಟ್ಟೆಗೆ ಬಿಸಿ ತಡವಾಗಿ ತಲುಪುತ್ತೆ, ಹೊರಗಿನ ಅಂಚು ಆಗ್ಲೇ ಕಾದಿರುತ್ತೆ.

ಇನ್ನೊಂದು ದಾರಿ ಅಂಚಿಗೆ ಅಂಚು, ತಳಕ್ಕೆ ತಳ. ಒಂದು ತಟ್ಟೆ ನೆಟ್ಟಗೆ, ಅದರ ಮೇಲೆ ಇನ್ನೊಂದು ಬೋರಲು. ಎರಡರ ಅಂಚೂ ಒಂದೇ ಅಳತೆ ಇದ್ರೆ ಒಂದು ಇನ್ನೊಂದನ್ನ ಸೊಟ್ಟ ಆಗದಂಗೆ ಹಿಡ್ಕೊಳ್ಳುತ್ತೆ, ಬಟ್ಟಲಿಗಂತೂ ಇದೇ ಬೆಸ್ಟು. ಕೆಲವರು ತಟ್ಟೆನ ಅಂಚಿನ ಮೇಲೆ ನಿಲ್ಸಿ ಸಾಲಾಗಿ ಒರಗಿಸ್ತಾರೆ, 15 ಸೆಂ.ಮೀ. ಒಳಗಿನ ಚಿಕ್ಕದಕ್ಕೆ, ಟೈಲ್‌ಗೆ ಅದು ನಡೆಯುತ್ತೆ, ಬಿಸಿ ಎರಡೂ ಕಡೆಯಿಂದ ಸಮ ಬೀಳುತ್ತೆ, ದೊಡ್ಡ ಊಟದ ತಟ್ಟೆ ಹಾಗಿಟ್ರೆ ಸೊಟ್ಟ ಆಗೋ ಚಾನ್ಸ್ ಇದೆ.

ಅತಿ ಕೆಳಗಿನ ತಟ್ಟೆ ಅಡಿಗೆ ಸ್ವಲ್ಪ ಸಿಲಿಕಾ ಮರಳು ಇಲ್ಲಾ ಅಲ್ಯುಮಿನಾ ಪುಡಿ ಉದುರಿಸಿ. ಮಣ್ಣು ಕುಗ್ಗೋವಾಗ ತಳ ಶೆಲ್ಫ್‌ಗೆ ಕಚ್ಕೊಳ್ಳದೆ ಜಾರ್ಬೇಕು, ಇಲ್ಲಾಂದ್ರೆ ತಳ ಒಂದು ಕಡೆ ಎಳ್ದು ಸೀಳುತ್ತೆ. ಈ ಪುಡಿ ಕೆಲಸ ಮಾಡೋವಾಗ ಮಾಸ್ಕ್ ಹಾಕ್ಕೊಳ್ಳಿ, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮರಳು ಉದುರಿಸಿದ ಜಾಗನ ಪೊರಕೆಲಿ ಗುಡಿಸೋದು ಬೇಡ, ಒದ್ದೆ ಬಟ್ಟೆಲಿ ಒರೆಸಿ.

ಒಣಗಿದೆಯಾ ಅಂತ ಗ್ಯಾರಂಟಿ ಮಾಡ್ಕೊಳ್ಳಿ. ಜೂನ್ ಜುಲೈ ತಿಂಗಳಲ್ಲಿ ಮೈಸೂರಿನ ಜಿಟಿಜಿಟಿ ಮಳೆಗೆ ಅಂಚು ಒಣಗಿದಂಗೆ ಕಂಡ್ರೂ ತಳದ ಒಳಗೆ ತೇವ ಇರುತ್ತೆ, ಏಪ್ರಿಲಲ್ಲಿ ಮಂಡ್ಯ ಕಡೆ ಬಿಸಿಲಿಗೆ ಅಂಚು ಬೇಗ ಒಣಗಿ ಮೇಲೆದ್ದಿರುತ್ತೆ. ತಳನ ಕೆನ್ನೆಗೆ ಇಟ್ಟು ನೋಡಿ, ತಣ್ಣಗಿದ್ರೆ ಇನ್ನೂ ನೀರಿದೆ. ಪೇರಿಸಿದ ಲೋಡ್‌ಗೆ 85-90 ಡಿಗ್ರಿಲಿ ಕೆಲವು ಗಂಟೆ ಹೋಲ್ಡ್ (ಬಿಸಿ ಏರಿಸದೆ ಅಲ್ಲೇ ನಿಲ್ಸೋದು) ಕೊಟ್ಟೇ ಮುಂದೆ ಹೋಗಿ. ಅದಾದ್ಮೇಲೂ 600 ಡಿಗ್ರಿ ದಾಟೋವರೆಗೆ ಆತುರ ಬೇಡ, ಮಣ್ಣಿನ ಒಳಗೆ ಸೇರ್ಕೊಂಡಿರೋ ನೀರು ಸುಮಾರು 350ರಿಂದ 600ರ ನಡುವೆ ಹೊರಗೆ ಬರುತ್ತೆ, 573ರಲ್ಲಿ ಕ್ವಾರ್ಟ್ಜ್ ಹಿಗ್ಗುತ್ತೆ, ಅಗಲದ ಸಾಮಾನಿಗೆ ಪೆಟ್ಟು ಬೀಳೋದು ಇಲ್ಲೇ. ಗಂಟೆಗೆ 80-100 ಡಿಗ್ರಿ ಸಾಕು.

ಗ್ಲೇಜ್ ಲೋಡ್‌ಗೆ ಮುಂಚೆ ಶೆಲ್ಫ್ ನೋಡಿ

ಮೊದಲು ಮೇನ್ ಸ್ವಿಚ್ ಆಫ್. ಇದನ್ನ ಹೇಳ್ಬೇಕಾ ಅಂದ್ರೆ ಹೌದು ಹೇಳ್ಬೇಕು, ಕೈ ಹಾಕೋದು ಕಾಯಿಲ್ ಇರೋ ಜಾಗಕ್ಕೆ. ಬಳಸಿದ ಕಾಯಿಲ್ ತಣ್ಣಗಿದ್ದಾಗ ತುಂಬಾ ಪೆಳಸು, ಶೆಲ್ಫ್ ಮೂಲೆ ತಾಗಿದ್ರೆ ಮುರೀತದೆ. ತೆಳ್ಳಗಿನ ಸಿಲಿಕಾನ್ ಕಾರ್ಬೈಡ್ ಶೆಲ್ಫ್ ಬಳಸೋರಿಗೆ ಇನ್ನೊಂದು ಮಾತು, ಅದು ಕರೆಂಟ್ ಹರಿಸುತ್ತೆ, ಕಾಯಿಲ್‌ಗೆ ತಾಗೋ ಹಾಗೇ ಇಲ್ಲ.

ಪ್ರತಿ ಶೆಲ್ಫ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಸಿ ನೋಡಿ. ಕೆಳಗಿಂದ ಬೆಳಕು ಕಂಡ್ರೆ ಶೆಲ್ಫ್ ಬಗ್ಗಿದೆ ಅಂತ, ಅದರ ಮೇಲೆ ಸುಟ್ಟ ತಟ್ಟೆನೂ ಬಗ್ಗುತ್ತೆ, ಯಾಕಂದ್ರೆ ಕೋನ್ 6ರ ಹತ್ತಿರ, ಅಂದ್ರೆ ಸುಮಾರು 1220 ಡಿಗ್ರಿಲಿ ಸ್ಟೋನ್‌ವೇರ್ ಮಣ್ಣು ಮೆತ್ತಗಾಗಿ ಕೆಳಗಿನ ಆಕಾರಕ್ಕೆ ಹೊಂದ್ಕೊಳ್ಳುತ್ತೆ. ಬಗ್ಗಿದ ಶೆಲ್ಫ್ ಲೋಟಕ್ಕೆ ಇಟ್ಕೊಳ್ಳಿ. ಗ್ಲೇಜ್ ಹನಿ ಬಿದ್ರೂ ಗಟ್ಟಿಯಾಗಿ ಕಚ್ಕೊಳ್ಳದಂಗೆ ಶೆಲ್ಫ್ ಮೇಲ್ಗಡೆಗೆ ಚೈನಾ ಕ್ಲೇ ಅರ್ಧ, ಅಲ್ಯುಮಿನಾ ಹೈಡ್ರೇಟ್ ಅರ್ಧ ತೂಕಕ್ಕೆ ಹಾಕಿ, ನೀರಲ್ಲಿ ತೆಳ್ಳಗೆ ಕದಡಿ ಎರಡು ಮೂರು ಕೋಟ್ ಬಳೀರಿ. ಅಂಚಿಗೆ, ಅಡಿಗೆ ಬೇಡ್ವೇ ಬೇಡ. ಅಡಿಯಲ್ಲಿ ಬಳಿದಿದ್ದು ಸುಡೋವಾಗ ಚಕ್ಕೆ ಎದ್ದು ಕೆಳಗಿನ ತಟ್ಟೆ ಮೇಲೆ ಬೀಳುತ್ತೆ, ಲೋಟಕ್ಕಾದ್ರೆ ಬಾಯಿ ಚಿಕ್ಕದು ಹೇಗೋ ತಪ್ಪಿಸ್ಕೊಳ್ಳುತ್ತೆ, ತಟ್ಟೆ ಪೂರ್ತಿ ಬಾಯಿ ತೆರ್ಕೊಂಡು ಮೇಲೆ ನೋಡ್ತಾ ಮಲಗಿರೋದು, ಬಿದ್ದಿದ್ದೆಲ್ಲ ಗ್ಲೇಜಲ್ಲಿ ಹೂತೋಗುತ್ತೆ. ಆದ್ರಿಂದ ಪ್ರತಿ ಶೆಲ್ಫ್ ಇಡೋ ಮುಂಚೆ ಅದರ ಅಡಿ ಭಾಗನ ಕಿಲ್ನ್‌ನಿಂದ ದೂರ ಹಿಡಿದು ಬ್ರಷ್‌ನಲ್ಲಿ ಒರೆಸಿ. ತಟ್ಟೆ ಲೋಡ್‌ನಲ್ಲಿ ಒಂದೇ ಒಂದು ಅಭ್ಯಾಸ ಮಾಡ್ಕೊಳ್ತೀರಾ ಅಂದ್ರೆ ನಾನು ಇದನ್ನೇ ಹೇಳೋದು.

ಗ್ಲೇಜ್ ಲೋಡ್, ಕೆಳಗಿಂದ ಮೇಲಕ್ಕೆ

ತಟ್ಟೆ ತಳದ ರಿಂಗ್‌ನಲ್ಲಿ ಒಂಚೂರೂ ಗ್ಲೇಜ್ ಇರಬಾರದು. ಗ್ಲೇಜ್ ಹಿಡೀದಿರ್ಲಿ ಅಂತ ವ್ಯಾಕ್ಸ್ ಹಚ್ಚಿದ್ರೂ ಒದ್ದೆ ಸ್ಪಾಂಜಲ್ಲಿ ಒಂದ್ಸಲ ಒರೆಸಿ, ರಿಂಗ್‌ನಿಂದ ಎರಡು ಮೂರು ಮಿಲಿಮೀಟರ್ ಮೇಲೆ ತನಕ ಬರೀ ಮಣ್ಣು ಕಾಣ್ಬೇಕು. ಅಗಲದ ತಟ್ಟೆಗೆ ಒಂದೇ ರಿಂಗ್ ಇದ್ರೆ ನಡು ಭಾಗ ಕೆಳಗೆ ಜೋತುಬೀಳುತ್ತೆ, ಅದಕ್ಕೆ ತಳ ಕೆತ್ತಿ ಟ್ರಿಮ್ ಮಾಡೋವಾಗ್ಲೇ ಒಳಗೆ ಇನ್ನೊಂದು ಚಿಕ್ಕ ರಿಂಗ್ ಬಿಟ್ಕೊಳ್ಳಿ.

ಮೊದಲ ಶೆಲ್ಫ್ ನೆಲಕ್ಕೆ ಸೀದಾ ಇಡ್ಬೇಡಿ, ಒಂದು ಇಂಚಿನ ಪೋಸ್ಟ್ ಮೂರು ಇಟ್ಟು ಅದರ ಮೇಲೆ. ಪೋಸ್ಟ್ ಯಾವಾಗ್ಲೂ ಮೂರೇ, ನಾಲ್ಕಲ್ಲ. ಮೂರು ಕಾಲಿನ ಮೇಲೆ ಕೂತಿದ್ದು ಅಲ್ಲಾಡಲ್ಲ. ಮೊದಲ ಶೆಲ್ಫ್‌ಗೆ ಪೋಸ್ಟ್ ಎಲ್ಲಿಟ್ರೋ ಮೇಲಿನ ಎಲ್ಲ ಶೆಲ್ಫ್‌ಗೂ ಅದೇ ನೇರಕ್ಕೆ ಬರ್ಬೇಕು, ಇಲ್ಲಾಂದ್ರೆ ನಡುವಿನ ಶೆಲ್ಫ್ ಭಾರ ತಡೀದೆ ಬಿರುಕು ಬಿಡುತ್ತೆ. ಜಾಗ ಎಲ್ಲಿ ಅಂದ್ರೆ, ದುಂಡು ಶೆಲ್ಫ್ ಮೇಲೆ ಮೂರು ತಟ್ಟೆ ಇಟ್ಟಾಗ ಅಂಚಲ್ಲಿ ಪ್ರತಿ ಎರಡು ತಟ್ಟೆ ನಡುವೆ ಅಂಗೈ ಅಗಲದ ಖಾಲಿ ಜಾಗ ಉಳಿಯುತ್ತೆ, ಪೋಸ್ಟ್‌ಗೆ ಅದೇ ಜಾಗ. ಪೋಸ್ಟ್ ಇಟ್ಮೇಲೂ ಅಲ್ಲಿ ಒಂದೆರಡು ಹಣತೆ, ಗ್ಲೇಜ್ ಟೆಸ್ಟ್ ತುಂಡು, ಕಿವಿ ಓಲೆ ಹಿಡಿಯುತ್ತೆ. ದೀಪಾವಳಿಗೆ ಮುಂಚಿನ ತಿಂಗಳು ತಟ್ಟೆ ಲೋಡ್ ಮಾಡೋರು ಹಣತೆಗೆ ಅಂತ ಬೇರೆ ಲೋಡ್ ಹಾಕೋದೇ ಬೇಡ, ಈ ಸಂದಿಲೇ ಎಲ್ಲ ಮುಗಿಯುತ್ತೆ. ಚೌಕದ ಶೆಲ್ಫ್ ಆದ್ರೆ ಮುಂದಿನ ಎರಡು ಮೂಲೆಗೆ ಒಂದೊಂದು, ಹಿಂದಿನ ಅಂಚಿನ ನಡುವೆ ಒಂದು.

ತಟ್ಟೆ ತಟ್ಟೆ ನಡುವೆ ನಾಲ್ಕೈದು ಮಿಲಿಮೀಟರ್ ಬಿಡಿ, ಕಾಯಿಲ್‌ನಿಂದ ಎರಡೂವರೆ ಸೆಂಟಿಮೀಟರ್. ತಟ್ಟೆ ಅಂಚು ಶೆಲ್ಫಿಂದ ಸ್ವಲ್ಪ ಹೊರಗೆ ಬಂದ್ರೂ ಪರವಾಗಿಲ್ಲ, ರಿಂಗ್ ಒಳಗಿದ್ರೆ ಆಯ್ತು, ಆದ್ರೆ ಕಾಯಿಲ್ ಕಡೆ ತೀರಾ ಹತ್ತಿರ ಹೋದ ಅಂಚಲ್ಲಿ ಗ್ಲೇಜ್ ಬೇರೆ ಬಣ್ಣಕ್ಕೆ ತಿರುಗುತ್ತೆ. ಅರ್ಧ ಚಂದ್ರದ ಎರಡು ಶೆಲ್ಫ್ ಜೋಡಿಸೋರು ಆ ಜಾಯಿಂಟ್ ಮೇಲೆ ತಟ್ಟೆ ಇಡ್ಬೇಡಿ, ಎರಡೂ ಒಂದೇ ಮಟ್ಟಕ್ಕೆ ಇರೋದು ಅಪರೂಪ. ಹರಿಯೋ ಗ್ಲೇಜ್ ಆದ್ರೆ ತಟ್ಟೆ ಅಡಿಗೆ ತೆಳ್ಳನೆ ಬಿಸ್ಕ್ ಬಿಲ್ಲೆ ಕೊಡಿ, ಹಾಳಾದ್ರೆ ಬಿಲ್ಲೆ ಹಾಳಾಗ್ಲಿ.

ಪೋಸ್ಟ್ ಎತ್ತರ ಆರಿಸೋಕೆ, ಶೆಲ್ಫ್ ಮೇಲಿರೋ ಅತಿ ಎತ್ತರದ ಅಂಚಿನ ಮೇಲೆ ಒಂದು ಸೆಂಟಿಮೀಟರ್ ಗಾಳಿ ಬಿಟ್ರೆ ಸಾಕು. ಎರಡೂವರೆ ಸೆಂ.ಮೀ. ತಟ್ಟೆಗೆ ನಾಲ್ಕು ಸೆಂ.ಮೀ. ಪೋಸ್ಟ್. ಕಣ್ಣಂದಾಜು ಬೇಡ, ಪೋಸ್ಟ್‌ಗಳ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟು ಅದು ತಟ್ಟೆಗೆ ತಾಗದೆ ದಾಟುತ್ತಾ ನೋಡಿ, ಆಮೇಲೆ ಶೆಲ್ಫ್ ಇಳಿಸಿ. ಥರ್ಮೋಕಪಲ್ (ಬಿಸಿ ಅಳೆಯೋ ಕಡ್ಡಿ) ತುದಿಗೆ ಶೆಲ್ಫ್ ಒಂದು ಇಂಚಾದ್ರೂ ದೂರ ಇರ್ಲಿ, ತಾಗ್ಕೊಂಡಿದ್ರೆ ಅದು ಕಿಲ್ನ್ ಬಿಸಿ ಬಿಟ್ಟು ಶೆಲ್ಫ್ ಬಿಸಿ ಹೇಳುತ್ತೆ.

ಪೂರ್ತಿ ತಟ್ಟೆನೇ ತುಂಬ್ಬೇಕಾ?

ಹೀಗೇ ಜೋಡಿಸ್ತಾ ಹೋದ್ರೆ 68 ಸೆಂ.ಮೀ. ಆಳದ ಕಿಲ್ನ್‌ನಲ್ಲಿ ಹತ್ತು ಅಂತಸ್ತು, ಮೂವತ್ತು ತಟ್ಟೆ. ಕೇಳೋಕೆ ಚೆನ್ನಾಗಿದೆ. ಆದ್ರೆ ತೂಕ ಹಾಕಿ ನೋಡಿ. 53 ಅಗಲ, ಸುಮಾರು ಎರಡು ಸೆಂ.ಮೀ. ದಪ್ಪದ ಕಾರ್ಡಿಯರೈಟ್ ಶೆಲ್ಫ್ ಒಂದೊಂದೂ ಎಂಟು ಕೆಜಿ ಹತ್ತಿರ. ಹತ್ತು ಶೆಲ್ಫ್ ಅಂದ್ರೆ 80 ಕೆಜಿ. ತಟ್ಟೆ ಒಂದಕ್ಕೆ 700 ಗ್ರಾಂ ಹಿಡಿದ್ರೂ ಎಲ್ಲ ಸೇರಿ 21 ಕೆಜಿ. ಅಂದ್ರೆ ನೀವು ಸುಡ್ತಿರೋದು ಶೆಲ್ಫ್‌ನ, ತಟ್ಟೆ ಅದರ ಜೊತೆ ಪುಕ್ಕಟೆ ಹೋಗ್ತಿದೆ. ಆ 80 ಕೆಜಿನ 1220 ಡಿಗ್ರಿಗೆ ಏರಿಸೋದಕ್ಕೇ 25 ಯೂನಿಟ್ ಮೇಲೆ ಕರೆಂಟ್ ಬೇಕು, ಗೋಡೆಯಿಂದ ಸೋರೋದು ಬೇರೆ.

ಅದಕ್ಕೆ ತಟ್ಟೆ ಲೋಡ್‌ನ ಪೂರ್ತಿ ತಟ್ಟೆಗೆ ಬಿಡೋದು ಆರ್ಡರ್ ಅರ್ಜೆಂಟ್ ಇದ್ದಾಗ ಮಾತ್ರ. ಇಲ್ಲದಿದ್ರೆ ಐದು ಅಂತಸ್ತು ತಟ್ಟೆ, ಉಳಿದ ಜಾಗಕ್ಕೆ ಲೋಟ ಬಟ್ಟಲು. ಶೆಲ್ಫ್ ಕಡಿಮೆ, ಬಿಸಿ ಓಡಾಡೋಕೆ ದಾರಿ ಜಾಸ್ತಿ, ಸಾಮಾನು ಸಮವಾಗಿ ಬೇಯುತ್ತೆ. ತಟ್ಟೆ ಒತ್ತೊತ್ತಾಗಿರೋ ಜಾಗ ಯಾವಾಗ್ಲೂ ಸ್ವಲ್ಪ ಹಿಂದೆ ಬೀಳುತ್ತೆ, ಹಾಗಾಗಿ ನಿಮ್ಮ ಕಿಲ್ನ್‌ನಲ್ಲಿ ಯಾವ ಭಾಗ ಜಾಸ್ತಿ ಕಾಯುತ್ತೋ ಅಲ್ಲಿ ತಟ್ಟೆ ಇಡಿ, ತಣ್ಣಗಿರೋ ಭಾಗಕ್ಕೆ ಎತ್ತರದ ಸಾಮಾನು. ಯಾವ ಭಾಗ ಅಂತ ಗೊತ್ತಾಗ್ಬೇಕಂದ್ರೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಕೋನ್ ಇಟ್ಟು ಸುಡಿ, ಕಂಟ್ರೋಲರ್ ಡಿಸ್‌ಪ್ಲೇ ಒಂದೇ ಜಾಗದ ಕಥೆ ಹೇಳೋದು.

ಶೆಲ್ಫ್ ಭಾರ ತಪ್ಪಿಸೋಕೆ ಪ್ಲೇಟ್ ಸೆಟ್ಟರ್ ಅಂತ ಸಿಗ್ತವೆ. ಮೂರು ಕಡೆ ಮೂರು ಬ್ರಾಕೆಟ್ ಕಂಬ ನಿಂತು ಪ್ರತಿ ತಟ್ಟೆನೂ ಬೇರೆ ಬೇರೆ ಹಿಡ್ಕೊಳ್ಳೋ ವ್ಯವಸ್ಥೆ, ಶೆಲ್ಫ್ ಇಲ್ಲದೇ ಒಂದೇ ಅಳತೆ ತಟ್ಟೆ ಹಲವಾರು ಏರಿಸ್ಬೋದು. ಒಂದೇ ಸೈಜು ವರ್ಷಗಟ್ಲೆ ಮಾಡೋರಿಗೆ ಹಾಕಿದ ದುಡ್ಡು ವಾಪಸ್ ಹುಟ್ಟುತ್ತೆ, ಪ್ರತಿ ಆರ್ಡರ್‌ಗೂ ಬೇರೆ ಸೈಜು ಮಾಡೋರು ತಗೊಂಡು ಮೂಲೆಗಿಡ್ತಾರೆ. ತಗೊಳ್ಳೋ ಮುಂಚೆ ಎಷ್ಟು ಕೋನ್‌ವರೆಗೆ ತಡೆಯುತ್ತೆ, ತಟ್ಟೆ ತಳಕ್ಕೆ ಆಸರೆ ಎಲ್ಲಿ ಸಿಗುತ್ತೆ ಎರಡೂ ಕೇಳಿ. ತಟ್ಟೆನ ಎತ್ತಿ ಹಿಡಿಯೋ ಮೊಳೆ ತುದಿಯ ಸ್ಟಿಲ್ಟ್ ಮಾತ್ರ ಕಡಿಮೆ ಬಿಸಿಯ ಅರ್ದನ್‌ವೇರ್‌ಗೆ, ಸ್ಟೋನ್‌ವೇರ್ ತಟ್ಟೆ ಅದರ ಮೇಲೆ ಜೋತುಬಿದ್ದು ಹೋಗುತ್ತೆ.

ಚೀನಾ, ವಿಯೆಟ್ನಾಂನ ಹಳೇ ಬಟ್ಟಲುಗಳಲ್ಲಿ ಒಳಗೆ ಗ್ಲೇಜ್ ಇಲ್ಲದ ಒಂದು ಉಂಗುರ ಕಾಣುತ್ತೆ, ಅದು ಮೇಲಿನ ಬಟ್ಟಲ ತಳ ಕೂರೋಕೆ ಬಿಟ್ಟ ಜಾಗ. ಡೆಕೊರೇಷನ್ ತಟ್ಟೆಗೆ ನೀವೂ ಮಾಡ್ಬೋದು. ಸಾರು ಕಲಸಿ ತಿನ್ನೋ ತಟ್ಟೆಗೆ ನನಗೆ ಮನಸ್ಸಿಲ್ಲ, ಅರಿಶಿನದ ಕಲೆ ಆ ಉಂಗುರದಲ್ಲಿ ಕೂತ್ರೆ ಹೋಗಲ್ಲ.

ಸುಡೋದು, ಇಳಿಸೋದು

ಗ್ಲೇಜ್ ಹಚ್ಚಿದ ತಟ್ಟೆ ರಾತ್ರಿ ಪೂರ್ತಿ ಒಣಗ್ಲಿ. ಸುಡೋಕೆ ಶುರು ಮಾಡೋ ಮುಂಚೆ ಮಾರನೇ ದಿನ ಲೈನ್ ಕೆಲಸದ ಶಟ್‌ಡೌನ್ ಇದೆಯಾ ಅಂತ ಪೇಪರಲ್ಲಿ ನೋಡ್ಕೊಳ್ಳಿ. ನಡುವೆ ಕರೆಂಟ್ ಹೋದ್ರೆ ಮುಚ್ಚಳ ಮಾತ್ರ ತೆಗೀಬೇಡಿ, ತುಂಬಿದ ಕಿಲ್ನ್ ಬಿಸಿ ಬೇಗ ಬಿಡಲ್ಲ, ಕರೆಂಟ್ ಬಂದ್ಮೇಲೆ ಇರೋ ಡಿಗ್ರಿಯಿಂದ ಮುಂದುವರ್ಸಿ. 600ರವರೆಗೆ ಗಂಟೆಗೆ 100, ಆಮೇಲೆ 150, ಕೊನೇ 100 ಡಿಗ್ರಿ ಮಾತ್ರ ಗಂಟೆಗೆ 60ರಂಗೆ ನಿಧಾನ. ತುದಿಲಿ ಹತ್ತು ಹದಿನೈದು ನಿಮಿಷ ಹೋಲ್ಡ್ ಕೊಟ್ರೆ ನಡುವಿನ ತಟ್ಟೆಗಳು ಹೊರಗಿನವನ್ನ ಹಿಡೀತವೆ. ಹೋಲ್ಡ್ ಕೊಟ್ಟಷ್ಟೂ ಕೋನ್ ಜಾಸ್ತಿ ಬಾಗುತ್ತೆ ಅನ್ನೋದು ನೆನಪಿರ್ಲಿ, ಅದಕ್ಕೆ ತಕ್ಕಂಗೆ ತುದಿ ಡಿಗ್ರಿ ಸ್ವಲ್ಪ ಇಳಿಸಿ.

ತಣ್ಣಗಾಗೋವಾಗ ತಟ್ಟೆಗೆ ಅಪಾಯ ಜಾಸ್ತಿ. ಅಂಚು ತೆಳ್ಳಗೆ, ಬೇಗ ಆರುತ್ತೆ, ತಳ ಕೂತಿರೋದು ಎಂಟು ಕೆಜಿ ಬಿಸಿ ಶೆಲ್ಫ್ ಮೇಲೆ. 200 ಡಿಗ್ರಿಲಿ ಆಸೆಪಟ್ಟು ಮುಚ್ಚಳ ಎತ್ತಿದ್ರೆ ಟಣ್ ಅಂತ ಸದ್ದು ಬರುತ್ತೆ, ಒಂದು ತಟ್ಟೆ ಅಲ್ಲ, ಇಡೀ ಶೆಲ್ಫೇ ಹೋಗ್ಬೋದು. 100ರ ಕೆಳಗೆ ಬಂದ್ಮೇಲೆ ಸ್ವಲ್ಪ ಸಂದಿ ಬಿಡಿ, 60ರ ಹತ್ತಿರ ತೆಗೀರಿ.

ಇಳಿಸೋವಾಗ ಮೇಲಿಂದ ಒಂದೊಂದೇ ಶೆಲ್ಫ್. ಶೆಲ್ಫ್ ಎತ್ತೋ ಮುಂಚೆ ಅದರ ಮೇಲಿನ ಪೋಸ್ಟ್ ತೆಗ್ದಿಟ್ಟಿದೀರಾ ನೋಡಿ, ಓರೆ ಮಾಡಿದ ತಕ್ಷಣ ಪೋಸ್ಟ್ ಉರುಳಿ ಕೆಳಗಿನ ತಟ್ಟೆ ಮೇಲೆ ಬೀಳೋದು ಬಹಳ ಸಾಮಾನ್ಯ. ಗ್ಲೇಜ್ ಹನಿ ಶೆಲ್ಫ್‌ಗೆ ಅಂಟಿದ್ರೆ ಕೈಲಿ ಸವರಬೇಡಿ, ಬ್ಲೇಡಿನಷ್ಟೇ ಚೂಪು, ಕನ್ನಡಕ ಹಾಕ್ಕೊಂಡು ಉಳಿಲಿ ತೆಗೀರಿ. ತಟ್ಟೆ ತಳನ ಒದ್ದೆ ವಾಟರ್ ಪೇಪರಲ್ಲಿ ಉಜ್ಜಿ, ಗಾಜಿನ ಮೇಲೆ ಬೋರಲು ಹಾಕಿ ಅಲ್ಲಾಡುತ್ತಾ ನೋಡಿ, ಅಲ್ಲಾಡಿದ್ದು ಯಾವ ಶೆಲ್ಫ್ ಮೇಲಿತ್ತು ಅಂತ ಆ ಶೆಲ್ಫ್ ಅಂಚಿಗೇ ಪೆನ್ಸಿಲಲ್ಲಿ ಒಂದು ಗುರುತು ಹಾಕ್ಬಿಡಿ. ಪೆನ್ಸಿಲ್ ಗುರುತು ಮುಂದಿನ ಸಲ ಸುಟ್ಟಾಗ ಅಳಿಸೋಗುತ್ತೆ, ಅಷ್ಟರೊಳಗೆ ಆ ಶೆಲ್ಫ್‌ನ ಲೋಟದ ಸಾಲಿಗೆ ಹಾಕಿದ್ರೆ ಆಯ್ತು.